ಆಫ್ರಿಕಾ ಅಧ್ಯಯನದಲ್ಲಿ ಎಂಎ, ಪಿಎಚ್‌ಡಿ: ವಿಷಯ ಹುಡುಕುವುದರಿಂದ ಪ್ರಬಂಧ ಒಪ್ಪಿಸುವವರೆಗೆ

ಆಫ್ರಿಕನ್ ಸ್ಟಡೀಸ್ ಅನ್ನೋದು ಇತಿಹಾಸ, ಅರ್ಥಶಾಸ್ತ್ರಗಳ ಹಾಗೆ ಒಂದು ಶಾಸ್ತ್ರ ಅಲ್ಲ. ಒಂದು ಖಂಡದ ಸುತ್ತ ಬಂದು ಸೇರಿದ ಹಲವು ಶಾಸ್ತ್ರಗಳ ಗುಂಪು ಅದು. ಒಂದೇ ಸೆಮಿನಾರಿನಲ್ಲಿ ಹೌಸಾ ವ್ಯಾಕರಣ ಓದುವವರು, ಘಾನಾದ ಚುನಾವಣೆ ಲೆಕ್ಕ ಹಾಕುವವರು, ಕಾಂಗೋದ ಸಂಗೀತದ ಹಿಂದೆ ಬಿದ್ದವರು, ಮಲೇರಿಯಾ ಮಾತ್ರೆ ಹಳ್ಳಿಗೆ ಹೇಗೆ ತಲುಪುತ್ತದೆ ಎಂದು ನೋಡುವವರು ಎಲ್ಲರೂ ಕೂತಿರುತ್ತಾರೆ. ಒಬ್ಬರ ಪರಿಭಾಷೆ ಇನ್ನೊಬ್ಬರಿಗೆ ಅರ್ಥವಾಗಲ್ಲ. ಹೊಸದಾಗಿ ಬಂದವರು ತಬ್ಬಿಬ್ಬಾಗುವುದು ಇಲ್ಲೇ.

ಡಿಗ್ರಿ ಮುಗಿಸಿ ಎಂಎಗೋ ಪಿಎಚ್‌ಡಿಗೋ ಈ ಕಡೆ ಬರಬೇಕು ಎಂದುಕೊಂಡವರಿಗಾಗಿ ಈ ಬರಹ. ನೀವು ಯಾವ ವಿಭಾಗದಿಂದ ಬಂದಿದ್ದರೂ ಸರಿ. ನಾನು ಹೇಳುವುದೆಲ್ಲದರ ಹಿಂದೆ ಇರುವುದು ಒಂದೇ ಕ್ರಮ: ಮೊದಲು ಊರು, ಆಮೇಲೆ ಭಾಷೆ, ಆಮೇಲೆ ಸಿದ್ಧಾಂತ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ದೊಡ್ಡ ಸಿದ್ಧಾಂತ ಹಿಡಿದುಕೊಂಡು, ಅದಕ್ಕೆ ಹೊಂದುವ ದೇಶವನ್ನು ಭೂಪಟದಲ್ಲಿ ಹುಡುಕುತ್ತಾರೆ.

ಹೆಜ್ಜೆ 1: ಖಂಡ ಬಿಡಿ, ಊರು ಹಿಡಿಯಿರಿ

ಆಫ್ರಿಕಾದಲ್ಲಿ ವಿಶ್ವಸಂಸ್ಥೆಯ ಸದಸ್ಯರಾದ 54 ದೇಶಗಳಿವೆ. ಭಾಷೆಗಳು ಸುಮಾರು 2,000. ಹಾಗಾಗಿ 'ಆಫ್ರಿಕಾದಲ್ಲಿ ಮಹಿಳಾ ಸಬಲೀಕರಣ' ಎಂಬ ಶೀರ್ಷಿಕೆ ಹೊತ್ತ ಅರ್ಜಿಯನ್ನು ಯಾವ ಮಾರ್ಗದರ್ಶಕರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. 'ಏಷ್ಯಾದಲ್ಲಿ ಮಹಿಳೆಯರು' ಅಂತ ಯಾರಾದರೂ ಬರೆದರೆ ನಮಗೂ ನಗು ಬರುತ್ತದೆ, ಅಲ್ವಾ?

ಒಂದು ಜಾಗ, ಒಂದು ಕಾಲ, ಒಂದು ಪ್ರಶ್ನೆ. ಇಷ್ಟಕ್ಕೆ ಇಳಿಸಿ. ಉದಾಹರಣೆಗೆ: ಕೀನ್ಯಾ ಮತ್ತು ಉಗಾಂಡಾ ಗಡಿಯಲ್ಲಿರುವ ಬುಸಿಯಾ ಪೇಟೆಯಲ್ಲಿ ಧಾನ್ಯ ಮಾರುವ ಹೆಂಗಸರು ಗಡಿ ದಾಟುವಾಗ ಯಾರಿಗೆ ಎಷ್ಟು ಕೊಡಬೇಕಾಗುತ್ತದೆ, ಕಳೆದ 20 ವರ್ಷಗಳಲ್ಲಿ ಅದು ಹೇಗೆ ಬದಲಾಯಿತು? ಇದು ಚಿಕ್ಕ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದರೊಳಗೆ ಸರ್ಕಾರ ಇದೆ, ಮಾರುಕಟ್ಟೆ ಇದೆ, ವಸಾಹತು ಕಾಲದಲ್ಲಿ ಎಳೆದ ಗೆರೆ ಇದೆ, ಮನೆ ಖರ್ಚು ನಡೆಸುವ ಹೆಂಗಸರೂ ಇದ್ದಾರೆ.

ವಿಷಯ ಗಟ್ಟಿ ಮಾಡುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ. ಆ ಜಾಗಕ್ಕೆ ಹೋಗಿ ಇರಲು ಸಾಧ್ಯವಾ? ಯುದ್ಧ ನಡೆಯುತ್ತಿರುವ ಕಡೆ ವಿಶ್ವವಿದ್ಯಾಲಯವೇ ಕಳಿಸುವುದಿಲ್ಲ. ಆಕರಗಳು ಎಲ್ಲಿವೆ? ಜಾಂಬಿಯಾದ ಲೂಸಾಕಾದಲ್ಲಾ, ಲಂಡನ್ನಿನಲ್ಲಾ, ಅಜ್ಜಿಯರ ನೆನಪಿನಲ್ಲಾ? ಅಲ್ಲಿನ ಭಾಷೆಯನ್ನು ಎರಡು ವರ್ಷದಲ್ಲಿ ಮಾತಾಡುವ ಮಟ್ಟಿಗೆ ಕಲಿಯಬಹುದಾ? ಈ ಮೂರಕ್ಕೂ ಉತ್ತರ ಸಿಕ್ಕಿದರೆ ಮುಂದೆ ಹೋಗಿ.

ಕರ್ನಾಟಕದವರು ಕೂಡಲೇ ಯೋಚಿಸುವ ವಿಷಯ ಒಂದಿದೆ: ಉತ್ತರ ಕನ್ನಡದ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇರುವ ಸಿದ್ದಿಯರ ಮೂಲ ಆಫ್ರಿಕಾ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, ಎಲ್ಲ ನಿಜ. ಆದರೆ ಹತ್ತಿರ ಇದ್ದಾರೆ ಎಂಬ ಒಂದೇ ಕಾರಣಕ್ಕೆ ಅವರ ಮನೆ ಬಾಗಿಲಿಗೆ ಹೋಗಬೇಡಿ. ಬಂದವರೆಲ್ಲ ಅದೇ ಡಮಾಮಿ ಕುಣಿತ, ಅದೇ ಕೂದಲು, ಅದೇ 'ನೀವು ಎಲ್ಲಿಂದ ಬಂದಿರಿ' ಕೇಳುತ್ತಾರೆ. ಹೊಸ ಪ್ರಶ್ನೆ ಇದ್ದರೆ ಹೋಗಿ. ಅರಣ್ಯ ಹಕ್ಕಿನ ಅರ್ಜಿಗಳು ಏನಾದವು, ಕೌದಿ ಹೊಲಿಯುವ ಹೆಂಗಸರಿಗೆ ಮಾರಾಟದಿಂದ ಕೈಗೆ ಎಷ್ಟು ಸಿಗುತ್ತದೆ, ಹೀಗೆ.

ಹೆಜ್ಜೆ 2: ನಿಮ್ಮ ಶಾಸ್ತ್ರ ಯಾವುದು ಎಂದು ನಿರ್ಧರಿಸಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಏಕೆಂದರೆ ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ. ಒಂದು ವಸ್ತು ತೆಗೆದುಕೊಳ್ಳಿ. ರಾಗಿ.

ರಾಗಿ ನಮ್ಮದು ಅಂತ ನಾವು ಅಂದುಕೊಂಡರೂ ಅದರ ತವರು ಇಥಿಯೋಪಿಯಾದಿಂದ ಉಗಾಂಡಾವರೆಗಿನ ಎತ್ತರದ ಸೀಮೆ. ಅಲ್ಲಿಂದ ಯಾವಾಗ ಇಲ್ಲಿಗೆ ಬಂತು? ಇದು ಪುರಾತತ್ವದ ಪ್ರಶ್ನೆ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕಾಳು ನಿಜವಾಗಿ ರಾಗಿಯೇನಾ ಎಂಬುದರ ಮೇಲೆ ವಿದ್ವಾಂಸರು ವಾದ ಮಾಡಿದ್ದಾರೆ. ಸುಟ್ಟು ಕರಿಯಾದ ಕಾಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವ ಕೆಲಸ ಅದು. ತಳಿ ವಿಜ್ಞಾನಿಯ ಪ್ರಶ್ನೆ ಬೇರೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ತಳಿಗಳ ಜೊತೆ ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿ ತೆಗೆದರಲ್ಲ, ಆ ಸಾಲಿನ ಪ್ರಶ್ನೆ.

ಮಾನವಶಾಸ್ತ್ರದವರು ಹಳ್ಳಿಯಲ್ಲಿ ಹೋಗಿ ಕೂರುತ್ತಾರೆ. ಇಂಗ್ಲೆಂಡಿನ ಆಡ್ರಿ ರಿಚರ್ಡ್ಸ್ 1930ರ ದಶಕದಲ್ಲಿ ಈಗಿನ ಜಾಂಬಿಯಾದ ಬೆಂಬಾ ಜನರ ನಡುವೆ ಇದ್ದು, ಯಾರು ಏನು ತಿಂದರು ಎಂದು ತೂಕ ಹಾಕಿ ಬರೆದುಕೊಂಡರು. ಬೆಂಬಾ ಜನರಿಗೆ ಊಟ ಎಂದರೆ ಉಬ್ವಾಲಿ, ಅಂದರೆ ರಾಗಿ ಹಿಟ್ಟಿನ ಗಟ್ಟಿ ಮುದ್ದೆ. ದಿನವಿಡೀ ಹುರಿದ ಕಾಳು ತಿನ್ನುತ್ತಾ ಇದ್ದವರೂ, ಉಬ್ವಾಲಿ ಆಗದಿದ್ದರೆ ಇವತ್ತು ಏನೂ ತಿಂದಿಲ್ಲ ಎನ್ನುತ್ತಿದ್ದರು ಎಂದು ಅವರು ದಾಖಲಿಸಿದ್ದಾರೆ. ಮಂಡ್ಯ, ಹಾಸನದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆಂಬಾ ಜನ ರಾಗಿ ಬೆಳೆಯುತ್ತಿದ್ದ ರೀತಿಗೆ ಚಿತೆಮೆನೆ ಎನ್ನುತ್ತಾರೆ. ಗಂಡಸರು ಮರ ಹತ್ತಿ ಕೊಂಬೆ ಕಡಿಯುತ್ತಾರೆ, ಹೆಂಗಸರು ಅದನ್ನು ಹೊತ್ತು ತಂದು ಒಂದು ಕಡೆ ರಾಶಿ ಹಾಕುತ್ತಾರೆ, ಮಳೆಗೆ ಮುಂಚೆ ಬೆಂಕಿ ಇಡುತ್ತಾರೆ, ಆ ಬೂದಿಯಲ್ಲಿ ಬಿತ್ತನೆ. ಉತ್ತರ ಕನ್ನಡದ ಕುಮರಿ ಬೇಸಾಯದ ಹತ್ತಿರದ ಸಂಬಂಧಿ. ಕುಮರಿಯನ್ನು ಕಂಡರೆ ಬ್ರಿಟಿಷ್ ಅರಣ್ಯ ಅಧಿಕಾರಿಗಳಿಗೆ ಹೇಗೆ ಆಗುತ್ತಿರಲಿಲ್ಲವೋ, ಚಿತೆಮೆನೆ ಕಂಡರೂ ಅಷ್ಟೇ. ಗಂಡಸರು ತಾಮ್ರದ ಗಣಿಗೆ ಕೂಲಿಗೆ ಹೋಗುತ್ತಿರುವುದರಿಂದ ಕೊಂಬೆ ಕಡಿಯುವವರಿಲ್ಲ, ಹಳ್ಳಿ ಹಸಿವಿಗೆ ಬೀಳುತ್ತಿದೆ, ಈ ಬೇಸಾಯ ಮುಳುಗುತ್ತಿದೆ ಎಂಬುದು ರಿಚರ್ಡ್ಸ್ ಕಾಲದ ಚಿತ್ರ.

ಸುಮಾರು 50 ವರ್ಷದ ನಂತರ ಮಾನವಶಾಸ್ತ್ರಜ್ಞೆ ಹೆನ್ರಿಯೆಟಾ ಮೂರ್ ಮತ್ತು ಇತಿಹಾಸಕಾರ್ತಿ ಮೇಗನ್ ವಾನ್ ಜೊತೆಯಾಗಿ ಅದೇ ಸೀಮೆಗೆ ಹೋದರು. ಒಬ್ಬರಿಗೆ ಹಳ್ಳಿಯ ಮಾತು, ಒಬ್ಬರಿಗೆ ಹಳೇ ಕಡತ. ಇಬ್ಬರೂ ರಿಚರ್ಡ್ಸ್ ಬರೆದದ್ದನ್ನು ಸಾಲು ಸಾಲಾಗಿ ಮತ್ತೆ ಓದಿದರು. 1994ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಚಿತೆಮೆನೆ ಅಷ್ಟು ಸುಲಭವಾಗಿ ಮುಳುಗಲಿಲ್ಲ. ಜನ ಬೆಳೆ ಬದಲಿಸಿಕೊಂಡು, ಕೆಲಸ ಹಂಚಿಕೊಂಡು ಅದನ್ನು ಉಳಿಸಿಕೊಂಡರು. 'ಮುಳುಗುತ್ತಿದೆ' ಎಂಬ ಕತೆಯನ್ನು ಅಧಿಕಾರಿಗಳೂ ಸಂಶೋಧಕರೂ ಒಬ್ಬರಿಂದೊಬ್ಬರು ಎರವಲು ಪಡೆದಿದ್ದರು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. 'ಇಂಟರ್‌ಡಿಸಿಪ್ಲಿನರಿ' ಎಂಬ ಪದವನ್ನು ಎಲ್ಲ ಕೋರ್ಸಿನ ಪರಿಚಯ ಪುಟದಲ್ಲೂ ನೋಡುತ್ತೀರಿ. ಅದರ ಅರ್ಥ ಎಲ್ಲದರಲ್ಲೂ ಅರ್ಧರ್ಧ ಕಲಿಯುವುದು ಅಲ್ಲ. ಮೂರ್ ಪೂರ್ತಿ ಮಾನವಶಾಸ್ತ್ರಜ್ಞೆ, ವಾನ್ ಪೂರ್ತಿ ಇತಿಹಾಸಕಾರ್ತಿ. ಅದಕ್ಕೇ ಅವರು ಒಬ್ಬರಿಗೊಬ್ಬರು ಉಪಯೋಗಕ್ಕೆ ಬಂದರು. ನೀವೂ ಒಂದು ಶಾಸ್ತ್ರದಲ್ಲಿ ಗಟ್ಟಿಯಾಗಿ ನಿಲ್ಲಿ, ಪಕ್ಕದ ಒಂದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿಯಿರಿ. ಇತಿಹಾಸದವರು ಸ್ವಲ್ಪ ಭಾಷಾಶಾಸ್ತ್ರ ಕಲಿತರೆ ಲಾಭ ಜಾಸ್ತಿ. ರಾಜಕೀಯಶಾಸ್ತ್ರದವರು, ಆಫ್ರಿಕಾದ ದೇಶಗಳಲ್ಲಿ ಜನಾಭಿಪ್ರಾಯ ಕೇಳುವ ಅಫ್ರೋಬ್ಯಾರೊಮೀಟರ್ ಸಮೀಕ್ಷೆಯ ದತ್ತಾಂಶ ತೆರೆದು ನೋಡುವುದನ್ನು ಮೊದಲ ವರ್ಷವೇ ಕಲಿಯಬೇಕು. 1999ರಿಂದ ನಡೆಯುತ್ತಿರುವ ಈ ಸಮೀಕ್ಷೆಯ ದತ್ತಾಂಶ ಉಚಿತವಾಗಿ ಸಿಗುತ್ತದೆ. ಸಾಹಿತ್ಯದವರು ಇಂಗ್ಲಿಷಿನಲ್ಲಿ ಬರೆದವರನ್ನಷ್ಟೇ ಓದಿ ನಿಲ್ಲಿಸಬೇಡಿ. 1968ರಲ್ಲಿ ಕೀನ್ಯಾದ ಲೇಖಕ ಗೂಗಿ ವಾ ಥಿಯೊಂಗೊ ಮತ್ತು ಇಬ್ಬರು ಸಹೋದ್ಯೋಗಿಗಳು ನೈರೋಬಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಿಭಾಗವನ್ನೇ ತೆಗೆಯಿರಿ, ಆಫ್ರಿಕಾದ ಸಾಹಿತ್ಯವನ್ನು ನಡುವೆ ಇಡಿ ಎಂದು ಕೇಳಿದ್ದರು. ಆ ಜಗಳದ ಒಳಹೊರಗು ತಿಳಿದುಕೊಂಡರೆ ನಿಮ್ಮ ಪಠ್ಯಪಟ್ಟಿ ತಾನೇ ಬದಲಾಗುತ್ತದೆ.

ಇನ್ನೊಂದು ಒಣ ಸತ್ಯ: ಮುಂದೆ ಕೆಲಸ ಕೊಡುವುದು ಬಹುತೇಕ ಇತಿಹಾಸ ವಿಭಾಗ, ಸಮಾಜಶಾಸ್ತ್ರ ವಿಭಾಗ ಇಂಥವು. ಆಫ್ರಿಕಾ ಕೇಂದ್ರಗಳಲ್ಲಿ ಹುದ್ದೆ ಕಡಿಮೆ.

ಹೆಜ್ಜೆ 3: ಭಾಷೆ, ಇವತ್ತೇ ಶುರು ಮಾಡಿ

ಸೀಟು ಸಿಗುವವರೆಗೆ ಕಾಯಬೇಡಿ. ಪೂರ್ವ ಆಫ್ರಿಕಾ ಆದರೆ ಸ್ವಾಹಿಲಿ. ಉತ್ತರ ನೈಜೀರಿಯಾ, ನೈಜರ್ ಕಡೆಗೆ ಹೌಸಾ. ಸೆನೆಗಲ್‌ಗೆ ವೊಲೊಫ್, ಜೊತೆಗೆ ಫ್ರೆಂಚ್ ಬೇಕೇ ಬೇಕು. ಇಥಿಯೋಪಿಯಾಕ್ಕೆ ಅಮ್ಹಾರಿಕ್. ಅದಕ್ಕೆ ಅದರದೇ ಲಿಪಿ ಇದೆ, ನಮ್ಮ ಕಾಗುಣಿತದ ಹಾಗೆ ಪ್ರತಿ ವ್ಯಂಜನಕ್ಕೂ ಸ್ವರಕ್ಕೆ ತಕ್ಕಂತೆ ರೂಪ ಬದಲಾಗುತ್ತದೆ. ಹಾಗಾಗಿ ಕನ್ನಡ ಬಲ್ಲವರಿಗೆ ಅದು ಯುರೋಪಿನವರಿಗೆ ಆಗುವಷ್ಟು ವಿಚಿತ್ರ ಅನ್ನಿಸುವುದಿಲ್ಲ.

ಸ್ವಾಹಿಲಿಯೂ ಕನ್ನಡಿಗರಿಗೆ ತೀರಾ ಕಷ್ಟ ಅಲ್ಲ. ನಾವು ಕ್ರಿಯಾಪದದ ಕೊನೆಗೆ ಪ್ರತ್ಯಯ ಪೋಣಿಸುತ್ತೇವೆ, ಅವರು ಮೊದಲಿಗೆ ಪೋಣಿಸುತ್ತಾರೆ. ನಿ-ನಾ-ಸೋಮಾ ಎಂದರೆ ಓದುತ್ತಿದ್ದೇನೆ, ನಿ-ಲಿ-ಸೋಮಾ ಎಂದರೆ ಓದಿದೆ, ನಿ-ತಾ-ಸೋಮಾ ಎಂದರೆ ಓದುತ್ತೇನೆ. ಕಷ್ಟ ಕೊಡುವುದು ನಾಮಪದದ ವರ್ಗಗಳು. ಒಬ್ಬ ಮನುಷ್ಯ ಮ್‌ತು, ಬಹಳ ಜನ ವಾತು. ಒಂದು ಪುಸ್ತಕ ಕಿತಾಬು, ಬಹಳ ಪುಸ್ತಕ ವಿತಾಬು. ಕ್ರಿಯಾಪದ, ವಿಶೇಷಣ ಎಲ್ಲವೂ ಆ ವರ್ಗಕ್ಕೆ ತಕ್ಕ ಹಾಗೆ ಬದಲಾಗಬೇಕು. ಮೊದಲ ಕೆಲವು ತಿಂಗಳು ತಲೆ ಕೆಡುತ್ತದೆ, ಆಮೇಲೆ ಕಿವಿಯೇ ಹಿಡಿದುಕೊಳ್ಳುತ್ತದೆ.

ವ್ಯಾಕರಣಕ್ಕಿಂತ ಬೇಗ ನಿಮ್ಮನ್ನು ಕೆಡವುವುದು ಗಡಿಯಾರ. ಸ್ವಾಹಿಲಿ ಮಾತಾಡುವವರು ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಸಾ ಮೋಜಾ, ಅಂದರೆ 'ಒಂದು ಗಂಟೆ', ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ 7. ಹಿರಿಯರೊಬ್ಬರು ಸಂದರ್ಶನಕ್ಕೆ ಸಾ ನ್ನೆಗೆ, ಅಂದರೆ 'ನಾಲ್ಕು ಗಂಟೆಗೆ', ಬಾ ಎಂದರೆ ನೀವು ಸಂಜೆ 4ಕ್ಕೆ ಹೋಗಿ ನಿಲ್ಲಬಾರದು. ಅವರು ಹೇಳಿದ್ದು ಬೆಳಿಗ್ಗೆ 10 ಗಂಟೆ. ಹೋದ ಕೂಡಲೇ 'ಶಿಕಮೂ' ಎನ್ನಿ, ಅವರು 'ಮರಹಬಾ' ಎನ್ನುತ್ತಾರೆ. ಹಿರಿಯರಿಗೆ ಹೇಳುವ ನಮಸ್ಕಾರ ಅದು. ಮನೆಯವರು, ಆರೋಗ್ಯ, ಕೆಲಸ ಎಲ್ಲ ವಿಚಾರಿಸಿ ಆದ ಮೇಲೆ ನಿಮ್ಮ ಪ್ರಶ್ನೆಪಟ್ಟಿ. ಕುಳಿತ ಕೂಡಲೇ ರೆಕಾರ್ಡರ್ ತೆಗೆದರೆ ಮಾತು ಅಲ್ಲಿಗೇ ನಿಂತಿತು ಎಂದುಕೊಳ್ಳಿ.

ಕಲಿಯುವುದು ಎಲ್ಲಿ? ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದಲ್ಲಿ ಸ್ವಾಹಿಲಿಗೆ ಪ್ರತ್ಯೇಕ ಸಂಸ್ಥೆಯೇ ಇದೆ. ಜಂಜಿಬಾರ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವಿದೇಶಿಯರಿಗೆ ತರಗತಿಗಳಿವೆ. ಶಿಷ್ಟ ಸ್ವಾಹಿಲಿ ಬೆಳೆದದ್ದು ಜಂಜಿಬಾರ್ ಪಟ್ಟಣದ ಮಾತಿನಿಂದಲೇ. ಇಲ್ಲೇ ಇರುವಾಗ ಒಂದು ಸುಲಭ ದಾರಿ: ಬೆಂಗಳೂರು, ಮೈಸೂರಿನಲ್ಲಿ ಓದುತ್ತಿರುವ ತಾಂಜಾನಿಯಾ, ಕೀನ್ಯಾದ ವಿದ್ಯಾರ್ಥಿಗಳಿದ್ದಾರೆ. ವಾರಕ್ಕೆ ಎರಡು ದಿನ ಪಾಠ ಹೇಳಿಕೊಡಿ ಎಂದು ಕೇಳಿ, ಮತ್ತು ಫೀಸು ಕೊಡಿ. ಸುಮ್ನೆ ಫ್ರೆಂಡ್‌ಶಿಪ್ ಹೆಸರಲ್ಲಿ ಬಿಟ್ಟಿ ಪಾಠ ಕೇಳಬೇಡಿ.

ಇಷ್ಟಾದರೂ ಸ್ವಾಹಿಲಿ ಎಲ್ಲ ಕಡೆ ಸಾಲುವುದಿಲ್ಲ. ಉಗಾಂಡಾದ ತೆಸೊ ಸೀಮೆಯಲ್ಲಿ ರಾಗಿಯಿಂದ ಮಾಡಿದ ಅಜೊನ್ ಎಂಬ ಪಾನೀಯವನ್ನು ಒಂದೇ ಗಡಿಗೆಯಿಂದ ಉದ್ದದ ಕೊಳವೆಗಳಲ್ಲಿ ಹೀರುತ್ತಾ ಜನ ಸುತ್ತ ಕೂರುತ್ತಾರೆ. ಅಲ್ಲಿ ನಡೆಯುವ ಮಾತು ಅತೆಸೊದಲ್ಲಿ. ಅದನ್ನು ದುಭಾಷಿಯ ಮೂಲಕ ಕೇಳಿದರೆ ಅರ್ಧ ಜೋಕು ಹೋಗಿಬಿಡುತ್ತದೆ.

ಹೆಜ್ಜೆ 4: ಎಲ್ಲಿ ಸೇರಬೇಕು

ಭಾರತದಲ್ಲಿ ಮೂರು ಹೆಸರು ಮುಖ್ಯ. ದೆಹಲಿ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ವಿಭಾಗ 1955ರಿಂದ ಇದೆ. ಮುಂಬೈ ವಿಶ್ವವಿದ್ಯಾಲಯದ ಕೇಂದ್ರ 1971ರದು. ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಆಫ್ರಿಕಾ ಕೇಂದ್ರವಿದೆ. ಇವುಗಳ ಒಲವು ಹೆಚ್ಚಾಗಿ ರಾಜಕೀಯ, ಅಂತರರಾಷ್ಟ್ರೀಯ ಸಂಬಂಧ, ಆರ್ಥಿಕತೆಯ ಕಡೆ. ನಿಮ್ಮದು ಸಂಗೀತವೋ ಪುರಾತತ್ವವೋ ಆಗಿದ್ದರೆ ಮಾರ್ಗದರ್ಶಕರು ಸಿಗುತ್ತಾರಾ ಎಂದು ಮೊದಲೇ ನೋಡಿಕೊಳ್ಳಿ.

ಯುರೋಪಿನಲ್ಲಿ ಲಂಡನ್ನಿನ ಸೋಯಸ್ (SOAS), ಆಕ್ಸ್‌ಫರ್ಡ್‌ನ ಒಂದು ವರ್ಷದ ಸ್ನಾತಕೋತ್ತರ ಕೋರ್ಸು, ಎಡಿನ್‌ಬರೊ, ನೆದರ್‌ಲೆಂಡ್ಸ್‌ನ ಲೈಡನ್, ಜರ್ಮನಿಯ ಬೈರೊಯ್ತ್, ಸ್ವಿಟ್ಜರ್‌ಲೆಂಡಿನ ಬಾಸೆಲ್ ಹೆಸರಾದವು. ಒಂದು ವರ್ಷದ ಕೋರ್ಸಿನಲ್ಲಿ ಭಾಷೆ ಕಲಿಯಲು ಸಮಯವೇ ಸಿಗುವುದಿಲ್ಲ. ಎರಡು ವರ್ಷದ್ದು ಸಿಕ್ಕರೆ ಅದನ್ನೇ ಆರಿಸಿ ಎನ್ನುತ್ತೇನೆ.

ಅಮೆರಿಕದಲ್ಲಿ ವ್ಯವಸ್ಥೆ ಬೇರೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಮೆಲ್ವಿಲ್ ಹರ್ಸ್ಕೊವಿಟ್ಸ್ 1948ರಲ್ಲಿ ಕಾರ್ಯಕ್ರಮ ಶುರು ಮಾಡಿದ ಮೇಲೆ ವಿಸ್ಕಾನ್ಸಿನ್, ಬಾಸ್ಟನ್, ಇಂಡಿಯಾನಾ, ಯುಸಿಎಲ್‌ಎ ಹೀಗೆ ಹಲವು ಕೇಂದ್ರಗಳು ಬಂದವು. ಆದರೆ ಬಹುತೇಕ ಕಡೆ ಪಿಎಚ್‌ಡಿ ಸಿಗುವುದು ಇತಿಹಾಸದಲ್ಲೋ ಮಾನವಶಾಸ್ತ್ರದಲ್ಲೋ. ಆಫ್ರಿಕಾ ಅಧ್ಯಯನ ಅದರ ಜೊತೆಗಿನ ಸರ್ಟಿಫಿಕೇಟು. ಆಫ್ರಿಕಾ ಅಧ್ಯಯನದ ಹೆಸರಲ್ಲೇ ಪಿಎಚ್‌ಡಿ ಕೊಡುವ ಕಡೆಗಳಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯ ಒಂದು. ಹಾರ್ವರ್ಡ್ ಅಲ್ಲ, ಹೊವಾರ್ಡ್. ಅರ್ಜಿ ಹಾಕುವಾಗ ಆಫ್ರಿಕನ್ ಅಮೆರಿಕನ್ ಅಧ್ಯಯನ ವಿಭಾಗದ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಕೆಲವು ಕಡೆ ಎರಡೂ ಒಂದೇ ವಿಭಾಗ, ಕೆಲವು ಕಡೆ ಬೇರೆ ಬೇರೆ.

ಈಗ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಆಫ್ರಿಕಾದಲ್ಲೇ ಓದುವ ಸಾಧ್ಯತೆಯನ್ನು ಪಟ್ಟಿಯಲ್ಲಿ ಮೊದಲು ಇಡಿ. ಘಾನಾದ ಲೆಗೊನ್‌ನಲ್ಲಿ ಆ ದೇಶದ ಮೊದಲ ಅಧ್ಯಕ್ಷ ಎನ್‌ಕ್ರುಮಾ 1963ರಲ್ಲಿ ವಿಧಿವತ್ತಾಗಿ ಉದ್ಘಾಟಿಸಿದ ಆಫ್ರಿಕಾ ಅಧ್ಯಯನ ಸಂಸ್ಥೆ, ಉಗಾಂಡಾದ ಮಕೆರೆರೆಯ ಸಾಮಾಜಿಕ ಸಂಶೋಧನಾ ಸಂಸ್ಥೆ, ಕೇಪ್‌ಟೌನ್, ದಾರ್ ಎಸ್ ಸಲಾಮ್ ಇವೆಲ್ಲ ಗಟ್ಟಿ ಜಾಗಗಳು. ಮಕೆರೆರೆಯಲ್ಲಿ ಮಹಮೂದ್ ಮಮ್ದಾನಿ ಕಟ್ಟಿದ ಪಿಎಚ್‌ಡಿ ಕಾರ್ಯಕ್ರಮದ ಉದ್ದೇಶವೇ ಇದಾಗಿತ್ತು: ಆಫ್ರಿಕಾದ ವಿಶ್ವವಿದ್ಯಾಲಯಗಳು ಹೊರಗಿನವರಿಗೆ ಮಾಹಿತಿ ಹೆಕ್ಕಿ ಕೊಡುವ ಕನ್ಸಲ್ಟನ್ಸಿ ಅಂಗಡಿ ಆಗಬಾರದು, ಪ್ರಶ್ನೆಯನ್ನೂ ತಾವೇ ಹುಟ್ಟಿಸಬೇಕು. ಖರ್ಚು ಲಂಡನ್ನಿಗಿಂತ ಕಡಿಮೆ, ಭಾಷೆ ಬಾಗಿಲಲ್ಲೇ ಇದೆ, ಸಹಪಾಠಿಗಳು ನಿಮ್ಮ ಅಸಂಬದ್ಧ ವಾಕ್ಯಗಳನ್ನು ಅಲ್ಲೇ ತಡೆಯುತ್ತಾರೆ.

ಹೆಜ್ಜೆ 5: ಯಾರನ್ನು ಓದಬೇಕು

ಶುರುವಿಗೆ ಯುನೆಸ್ಕೋ ಹೊರತಂದ ಆಫ್ರಿಕಾದ ಸಾಮಾನ್ಯ ಇತಿಹಾಸದ ಮೊದಲ 8 ಸಂಪುಟಗಳು. ಕಿ-ಜೆರ್ಬೊ, ಒಗೊಟ್, ಅಜಾಯಿ, ಬೊವಾಹೆನ್, ಮಜ್ರೂಯಿ ಮೊದಲಾದವರು ಸಂಪಾದಿಸಿದ್ದು. ಪಿಡಿಎಫ್ ಉಚಿತ. ಎಲ್ಲ ಓದಬೇಕಿಲ್ಲ. ನಿಮ್ಮ ಸೀಮೆಯ ಅಧ್ಯಾಯಗಳನ್ನು ಕಾಲಕ್ರಮದಲ್ಲಿ ಓದಿ.

ಆಮೇಲೆ ನಿಮ್ಮ ಓದಿನ ಪಟ್ಟಿಯನ್ನು ಎದುರಿಗೆ ಇಟ್ಟುಕೊಂಡು, ಇದರಲ್ಲಿ ಆಫ್ರಿಕಾದವರು ಬರೆದದ್ದು ಎಷ್ಟು ಎಂದು ಎಣಿಸಿ. ಕಾಲು ಭಾಗವೂ ಇಲ್ಲದಿದ್ದರೆ ಪಟ್ಟಿಯನ್ನು ಮತ್ತೆ ಮಾಡಿ. ಇದು ಬರೀ ಮರ್ಯಾದೆಯ ಮಾತಲ್ಲ, ಈ ಕ್ಷೇತ್ರದ ಹಳೇ ಗಾಯ. 1968ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯ ಕಪ್ಪು ಮಾನವಶಾಸ್ತ್ರಜ್ಞ ಆರ್ಚಿ ಮಫೆಜೆಯನ್ನು ಉಪನ್ಯಾಸಕರಾಗಿ ಆರಿಸಿ, ವರ್ಣಭೇದ ಸರ್ಕಾರದ ಒತ್ತಡಕ್ಕೆ ಮಣಿದು ಆ ನೇಮಕವನ್ನು ಹಿಂದಕ್ಕೆ ತೆಗೆದುಕೊಂಡಿತು. ವಿದ್ಯಾರ್ಥಿಗಳು ಆಡಳಿತ ಕಟ್ಟಡದಲ್ಲಿ ಧರಣಿ ಕೂತರು. ಮರುವರ್ಷ ಮಾಂಟ್ರಿಯಲ್‌ನಲ್ಲಿ ಅಮೆರಿಕದ ಆಫ್ರಿಕಾ ಅಧ್ಯಯನ ಸಂಘದ ಸಮ್ಮೇಳನ ನಡೆದಾಗ ಕಪ್ಪು ವಿದ್ವಾಂಸರು ವೇದಿಕೆ ಹಿಡಿದು, ಈ ಸಂಘ ಯಾರದು, ಇಲ್ಲಿ ತೀರ್ಮಾನ ಮಾಡುವವರು ಯಾರು ಎಂದು ಕೇಳಿದರು. ಆ ಪ್ರಶ್ನೆ ಇವತ್ತಿಗೂ ಪ್ರತಿ ಸಮ್ಮೇಳನದಲ್ಲಿ ಏಳುತ್ತದೆ.

ಆಫ್ರಿಕಾದವರ ಬರಹ ಸಿಗುವ ಕಡೆಗಳು ಇವು: ಸೆನೆಗಲ್‌ನ ಡಕಾರ್‌ನಲ್ಲಿ 1973ರಿಂದ ಇರುವ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆ ಕೊಡೆಸ್ರಿಯಾ ಪ್ರಕಟಿಸುವ ಪತ್ರಿಕೆಗಳು, ಆಫ್ರಿಕನ್ ಜರ್ನಲ್ಸ್ ಆನ್‌ಲೈನ್ ಎಂಬ ತಾಣ, ಆಯಾ ದೇಶದ ವಿಶ್ವವಿದ್ಯಾಲಯದ ಎಂಎ ಪ್ರಬಂಧಗಳು. ಈ ಕೊನೆಯದನ್ನು ಬಹಳ ಜನ ಮುಟ್ಟುವುದೇ ಇಲ್ಲ. ನಿಮ್ಮ ಹಳ್ಳಿಯ ಬಗ್ಗೆ ಆ ಹಳ್ಳಿಯಲ್ಲೇ ಹುಟ್ಟಿದ ಯಾರೋ ನೈರೋಬಿಯಲ್ಲಿ ಎಂಎ ಪ್ರಬಂಧ ಬರೆದು ಇಟ್ಟಿರುವ ಸಾಧ್ಯತೆ ಚೆನ್ನಾಗಿದೆ.

ಹೆಜ್ಜೆ 6: ದುಡ್ಡು

ಭಾರತದಲ್ಲಿ ನೆಟ್ ಪಾಸಾಗಿ ಸಂಶೋಧನಾ ವೇತನ ಜೆಆರ್‌ಎಫ್ ಬಂದರೆ ನೆಮ್ಮದಿ. ಬ್ರಿಟನ್ನಿಗೆ ಕಾಮನ್‌ವೆಲ್ತ್, ಚೆವನಿಂಗ್ ವಿದ್ಯಾರ್ಥಿವೇತನಗಳು. ಜರ್ಮನಿಗೆ ಡಾಡ್ (DAAD). ಭಾರತದಲ್ಲಿ ಪಿಎಚ್‌ಡಿ ಮಾಡುತ್ತಾ ಅಮೆರಿಕದ ಗ್ರಂಥಾಲಯಗಳಲ್ಲಿ ಕೆಲವು ತಿಂಗಳು ಕೂರಬೇಕಾದರೆ ಫುಲ್‌ಬ್ರೈಟ್-ನೆಹರು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನ, ರಾಜ್ಯದ ಪ್ರಬುದ್ಧ ಯೋಜನೆ ಇವೆ. ನಿಯಮ ವರ್ಷಕ್ಕೊಮ್ಮೆ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯನ್ನೇ ಓದಿ. ಅಮೆರಿಕದಲ್ಲಿ ಆಫ್ರಿಕಾ ಭಾಷೆ ಕಲಿಯಲು ಹೆಸರಾದ ಫ್ಲಾಸ್ ಫೆಲೋಶಿಪ್ ಅಲ್ಲಿನ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಹೆಜ್ಜೆ 7: ಕಡತ ಎಲ್ಲಿದೆ?

ಇತಿಹಾಸದವರಿಗೆ ಮಾತ್ರ ಅಂದುಕೊಂಡು ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಭೂಮಿ, ಕಾನೂನು, ಆರೋಗ್ಯ ಓದುವವರೂ ಒಂದು ದಿನ ಹಳೇ ಕಡತಕ್ಕೆ ಬಂದೇ ಬರುತ್ತಾರೆ.

ನೈರೋಬಿಯ ಮೊಯ್ ಅವೆನ್ಯೂನಲ್ಲಿರುವ ಕೀನ್ಯಾ ರಾಷ್ಟ್ರೀಯ ಪತ್ರಾಗಾರ ಹಿಂದೆ ಬ್ಯಾಂಕಿನ ಕಟ್ಟಡ. ಕೆಳಗಿನ ಮಹಡಿಯಲ್ಲಿ ಜೋಸೆಫ್ ಮುರುಂಬಿಯ ಕಲಾಸಂಗ್ರಹ ಇದೆ. ಮುರುಂಬಿ ಕೀನ್ಯಾದ ಎರಡನೇ ಉಪಾಧ್ಯಕ್ಷರು. ತಂದೆ ಗೋವಾದವರು, ತಾಯಿ ಮಸಾಯಿ. ಶಾಲೆ ಓದಿದ್ದು ಬೆಂಗಳೂರು ಮತ್ತು ಬಳ್ಳಾರಿಯಲ್ಲಿ! ಬಳ್ಳಾರಿಯಲ್ಲಿ ಕೂತು ಆಫ್ರಿಕಾ ನಮಗೆ ದೂರ ಎನ್ನುವವರಿಗೆ ಇದನ್ನು ಹೇಳಿ.

ಇನ್ನೊಂದು ರಾಶಿ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿದೆ. ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಕೀನ್ಯಾದ ವಸಾಹತು ಪತ್ರವ್ಯವಹಾರ ಸಿಒ 533 ಎಂಬ ಸರಣಿಯಲ್ಲಿ ಸಿಗುತ್ತದೆ. ಜೊತೆಗೆ ಬಹಳ ಕಾಲ ಬಚ್ಚಿಟ್ಟಿದ್ದ ಕಡತಗಳ ಎಫ್‌ಸಿಒ 141 ಸರಣಿ ನೋಡಲೇಬೇಕು. ಸ್ವಾತಂತ್ರ್ಯ ಕೊಟ್ಟು ಹೋಗುವಾಗ ಬ್ರಿಟಿಷರು ತಮ್ಮನ್ನು ಇಕ್ಕಟ್ಟಿಗೆ ಸಿಲುಕಿಸುವ ಕಡತಗಳನ್ನು ಹಡಗು, ವಿಮಾನದಲ್ಲಿ ತುಂಬಿಕೊಂಡು ಹೋಗಿದ್ದರು. ದಶಕಗಳ ಕಾಲ ಅವು ಇವೆ ಎಂದೇ ಹೇಳಲಿಲ್ಲ. ಬ್ರಿಟಿಷರ ವಿರುದ್ಧದ ಮೌ ಮೌ ಹೋರಾಟದ ಕಾಲದಲ್ಲಿ ಚಿತ್ರಹಿಂಸೆ ಅನುಭವಿಸಿದ ಕೀನ್ಯಾದ ವೃದ್ಧರು ಲಂಡನ್ ಕೋರ್ಟಿಗೆ ಹೋದ ಮೇಲೆ, 2011ರಲ್ಲಿ, ಹ್ಯಾನ್‌ಸ್ಲೋಪ್ ಪಾರ್ಕ್ ಎಂಬಲ್ಲಿ 37 ಹಿಂದಿನ ವಸಾಹತುಗಳ ಸಾವಿರಾರು ಕಡತ ಇರುವುದು ಹೊರಬಿತ್ತು. 2013ರಲ್ಲಿ 5,228 ಜನರಿಗೆ ಪರಿಹಾರ ಕೊಡಬೇಕಾಯಿತು. ಕಡತ ಇಲ್ಲ ಎಂದು ಯಾರಾದರೂ ಹೇಳಿದಾಗ ಇದನ್ನು ನೆನಪಿಡಿ.

ಕನ್ನಡ ಬಲ್ಲವರಿಗೆ ಹೆಚ್ಚು ದಕ್ಕುವ ಒಂದು ಗಣಿ ಇದೆ. ಬಾಸೆಲ್ ಮಿಷನ್. ನಮಗೆ ಅದು ಗೊತ್ತಿರುವುದು ಮಂಗಳೂರು ಹಂಚು, 1843ರ ಮಂಗಳೂರ ಸಮಾಚಾರ, 1894ರ ಕಿಟ್ಟೆಲ್ ನಿಘಂಟಿನಿಂದ. ಅದೇ ಮಿಷನ್ 1834ರಲ್ಲಿ ಮಂಗಳೂರಿಗೆ ಬರುವ ಮುಂಚೆಯೇ, 1828ರಲ್ಲಿ, ಈಗಿನ ಘಾನಾದ ಕರಾವಳಿಗೆ ಹೋಗಿತ್ತು. ಕಿಟ್ಟೆಲ್ ಇಲ್ಲಿ ಮಾಡಿದ ಕೆಲಸವನ್ನು ಅಲ್ಲಿ ತ್ವಿ ಭಾಷೆಗೆ ಮಾಡಿದವರು ಕ್ರಿಸ್ಟಾಲರ್. ಅವರ ತ್ವಿ ವ್ಯಾಕರಣ 1875ರದು, ನಿಘಂಟು 1881ರದು. ಎರಡೂ ಕಡೆಯ ಪತ್ರ, ವರದಿ, ಫೋಟೋಗಳು ಬಾಸೆಲ್‌ನ ಒಂದೇ ಪತ್ರಾಗಾರದಲ್ಲಿವೆ, ಫೋಟೋಗಳನ್ನು ಆನ್‌ಲೈನಿನಲ್ಲೇ ನೋಡಬಹುದು. ಜಾತಿ, ಗುಲಾಮಗಿರಿ, ನೇಯ್ಗೆ ಕಾರ್ಖಾನೆ, ಹೆಣ್ಣುಮಕ್ಕಳ ಶಾಲೆ, ಯಾವುದನ್ನಾದರೂ ಹಿಡಿದು ಎರಡು ಕರಾವಳಿಗಳನ್ನು ಒಟ್ಟಿಗೆ ನೋಡಬಹುದು. ತೊಡಕು ಇಷ್ಟೇ: ಪತ್ರಗಳು ಹಳೇ ಜರ್ಮನ್ ಕೈಬರಹದಲ್ಲಿವೆ. ಅದನ್ನು ಓದಲು ಬೇರೆಯೇ ತರಬೇತಿ ಬೇಕು. ಹಾಗಾಗಿಯೇ ಅಲ್ಲಿ ನೂಕುನುಗ್ಗಲಿಲ್ಲ.

ಹೆಜ್ಜೆ 8: ಅನುಮತಿ, ಲಸಿಕೆ, ಕಚೇರಿ ಅಲೆದಾಟ

ಟೂರಿಸ್ಟ್ ಅನುಮತಿಯಲ್ಲಿ ಹೋಗಿ ಸಂಶೋಧನೆ ಮಾಡಬೇಡಿ. ಕೀನ್ಯಾದಲ್ಲಿ ನಕೋಸ್ಟಿ, ತಾಂಜಾನಿಯಾದಲ್ಲಿ ಕೋಸ್ಟೆಕ್, ಉಗಾಂಡಾದಲ್ಲಿ ಯುಎನ್‌ಸಿಎಸ್‌ಟಿ ಎಂಬ ಸರ್ಕಾರಿ ಸಂಸ್ಥೆಗಳು ಸಂಶೋಧನಾ ಪರವಾನಗಿ ಕೊಡುತ್ತವೆ. ಕ್ರಮ ಸುಮಾರಾಗಿ ಹೀಗೆ: ಮೊದಲು ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ. ಆಮೇಲೆ ಆ ದೇಶದ ಒಂದು ವಿಶ್ವವಿದ್ಯಾಲಯ ಅಥವಾ ಸಂಸ್ಥೆಯಿಂದ, ಈ ವಿದ್ಯಾರ್ಥಿ ನಮ್ಮಲ್ಲಿ ಸೇರಿಕೊಂಡಿದ್ದಾರೆ ಎಂಬ ಪತ್ರ. ಆಮೇಲೆ ಪರವಾನಗಿ ಅರ್ಜಿ. ಅದಾದ ಮೇಲೆ ವೀಸಾ ಕೆಲಸ. ಪತ್ರಕ್ಕಾಗಿ ಅಲ್ಲಿನ ಪ್ರಾಧ್ಯಾಪಕರಿಗೆ ಬರೆಯುವಾಗ ಅವರ ಕೆಲಸವನ್ನು ಓದಿ ಬರೆಯಿರಿ. ಅವರು ಸಹಿ ಹಾಕುವ ಗುಮಾಸ್ತರಲ್ಲ. ಪರವಾನಗಿ ಕೈಗೆ ಬಂದ ಮೇಲೂ ಕೀನ್ಯಾದಲ್ಲಿ ಕೌಂಟಿ ಕಮಿಷನರ್ ಮತ್ತು ಶಿಕ್ಷಣ ನಿರ್ದೇಶಕರ ಕಚೇರಿಗೆ ಹೋಗಿ ಮುಖ ತೋರಿಸಿ, ಆಮೇಲೆ ಊರಿನ ಮುಖ್ಯಸ್ಥರ ಹತ್ತಿರ ಹೋಗಬೇಕು. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದುಕೊಂಡೇ ವೇಳಾಪಟ್ಟಿ ಮಾಡಿ.

ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿ, ಹೊರಡುವ ಕನಿಷ್ಠ 10 ದಿನ ಮೊದಲು. ಲಸಿಕೆಗೆ ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಕ ಇಲ್ಲದೆ ಹಳದಿ ಜ್ವರದ ಅಪಾಯ ಇರುವ ದೇಶಗಳಿಂದ ವಾಪಸ್ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಕೀನ್ಯಾದಲ್ಲಿ ಇಳಿದ ದಿನವೇ ಲೋಕಲ್ ಸಿಮ್ ತೆಗೆದುಕೊಂಡು, ಮೊಬೈಲಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಮಾಡಿಸಿ. ತರಕಾರಿಯಿಂದ ಮಟಾಟು ಬಸ್ಸಿನವರೆಗೆ ದುಡ್ಡು ಓಡಾಡುವುದು ಅದರಲ್ಲೇ.

ಹೆಜ್ಜೆ 9: ನೀವು ಅಲ್ಲಿ 'ಮುಹಿಂದಿ'

ಯುರೋಪಿನ ವಿದ್ಯಾರ್ಥಿಗಳಿಗೆ ಬರೆದ ಕೈಪಿಡಿಗಳಲ್ಲಿ ಈ ಭಾಗ ಇರುವುದಿಲ್ಲ. ಪೂರ್ವ ಆಫ್ರಿಕಾದಲ್ಲಿ ಭಾರತದವರನ್ನು ಮುಹಿಂದಿ ಎನ್ನುತ್ತಾರೆ. ಜನರ ಕಣ್ಣಿಗೆ ನೀವು ಮೊದಲು ಅಂಗಡಿ ಮಾಲೀಕರ ಕಡೆಯವರು, ಆಮೇಲೆ ಸಂಶೋಧಕರು. ಇದರ ಹಿಂದೆ ಇತಿಹಾಸ ಇದೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾಕಲು ಸುಮಾರು 32,000 ಭಾರತೀಯ ಕೂಲಿಗಳನ್ನು ತಂದರು. ವ್ಯಾಪಾರಿಗಳೂ ಬಂದರು. ವಸಾಹತು ವ್ಯವಸ್ಥೆ ಭಾರತೀಯರನ್ನು ಬಿಳಿಯರ ಕೆಳಗೆ, ಆಫ್ರಿಕನ್ನರ ಮೇಲೆ ಕೂರಿಸಿತು. 1972ರಲ್ಲಿ ಇದಿ ಅಮಿನ್ ಉಗಾಂಡಾದ ಏಷ್ಯನ್ನರಿಗೆ 90 ದಿನ ಗಡುವು ಕೊಟ್ಟು ಹೊರಹಾಕಿದ. ಆ ಕತೆಯನ್ನು ನಾವು ಹೊರಹಾಕಿಸಿಕೊಂಡವರ ಬಾಯಿಂದ ಕೇಳಿದ್ದೇವೆ. ಅಂಗಡಿಯಲ್ಲಿ ಕೂಲಿಗಿದ್ದವರ ಬಾಯಿಂದ ಕೇಳಿಲ್ಲ.

ಪ್ರಶ್ನೆಗಳು ಬಂದೇ ಬರುತ್ತವೆ. ಲೆಗೊನ್ ಕ್ಯಾಂಪಸ್ಸಿನಲ್ಲಿ 2016ರಲ್ಲಿ ನಿಲ್ಲಿಸಿದ್ದ ಗಾಂಧಿ ಪ್ರತಿಮೆಯನ್ನು 2018ರ ಡಿಸೆಂಬರಿನಲ್ಲಿ ತೆಗೆದರು. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧಿ ಆಫ್ರಿಕನ್ನರ ಬಗ್ಗೆ ಬರೆದ ಮಾತುಗಳನ್ನು ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಮುಂದಿಟ್ಟಿದ್ದರು. ಆ ಬರಹಗಳನ್ನು ನೀವೂ ಓದಿಕೊಂಡು ಹೋಗಿ. 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿದ ಸುದ್ದಿ ದಾರ್ ಎಸ್ ಸಲಾಮ್‌ಗೂ ಮುಟ್ಟಿತ್ತು. ನೀವು ಬೆಂಗಳೂರಿನವರು ಎಂದ ಕೂಡಲೇ ಯಾರಾದರೂ ಅದನ್ನು ಎತ್ತಬಹುದು. ಸಮರ್ಥನೆಗೆ ಇಳಿಯಬೇಡಿ. ನಮ್ಮಲ್ಲಿ ಎಲ್ಲರೂ ಹಾಗಲ್ಲ ಎಂಬ ಉತ್ತರ ಯಾರಿಗೂ ಬೇಡ.

ಇದರ ಇನ್ನೊಂದು ಮುಖವೂ ಇದೆ. ಪಶ್ಚಿಮ ಉಗಾಂಡಾದಲ್ಲಿ ಕಾರೊ ಎಂಬ ರಾಗಿ ಮುದ್ದೆಯನ್ನು ನೀವು ಸಲೀಸಾಗಿ ಕೈಯಲ್ಲಿ ಮುರಿದು ತಿಂದರೆ ಮನೆಯವರಿಗೆ ಆಶ್ಚರ್ಯ. ಅಡುಗೆಮನೆಗೆ ಕರೆದು, ನಿಮ್ಮಲ್ಲಿ ಹಿಟ್ಟು ಹೇಗೆ ತಿರುವುತ್ತೀರಿ ಎಂದು ಅವರೇ ಕೇಳಲು ಶುರು ಮಾಡುತ್ತಾರೆ. ಸಂದರ್ಶನ ಮಾಡುವವರು ಯಾರು, ಕೊಡುವವರು ಯಾರು ಎಂಬುದು ಆಗ ತಿರುಗುಮುರುಗಾಗುತ್ತದೆ. ಅಂಥ ಹೊತ್ತಿನಲ್ಲಿ ಕೇಳಿದ್ದನ್ನು ಆ ರಾತ್ರಿಯೇ ಬರೆದಿಡಿ. ಆದರೆ ಪ್ರಬಂಧದಲ್ಲಿ ಬಳಸುವ ಮುಂಚೆ ಅವರನ್ನು ಕೇಳಿ. ಒಲೆ ಮುಂದಿನ ಮಾತಿಗೆ ಒಪ್ಪಿಗೆ ಪತ್ರ ಇರುವುದಿಲ್ಲ.

ಹೆಜ್ಜೆ 10: ಬರೆಯುವುದು, ಒಪ್ಪಿಸುವುದು

ಒಂದೊಂದು ಅಧ್ಯಾಯವನ್ನೂ ಇಬ್ಬರಿಗೆ ಓದಲು ಕೊಡಿ. ನಿಮ್ಮ ಶಾಸ್ತ್ರದ, ಆದರೆ ಆಫ್ರಿಕಾ ಗೊತ್ತಿಲ್ಲದ ಒಬ್ಬರು. ನಿಮ್ಮ ಸೀಮೆ ಚೆನ್ನಾಗಿ ಗೊತ್ತಿರುವ, ಆದರೆ ಬೇರೆ ಶಾಸ್ತ್ರದ ಇನ್ನೊಬ್ಬರು. ಮೊದಲನೆಯವರಿಗೆ ವಾದ ಅರ್ಥವಾಗದಿದ್ದರೆ ನೀವು ಹೆಸರುಗಳ ಹಿಂದೆ ಅಡಗಿದ್ದೀರಿ. ಎರಡನೆಯವರು ಹುಬ್ಬು ಗಂಟಿಕ್ಕಿದರೆ ವಿವರ ತಪ್ಪಾಗಿದೆ. 'ಬುಡಕಟ್ಟು' ಎಂಬ ಪದ ಕಂಡಲ್ಲೆಲ್ಲ ನಿಲ್ಲಿ. ಕೋಟಿಗಟ್ಟಲೆ ಜನರ ಯೊರುಬಾ ಸಮುದಾಯಕ್ಕೆ ಬುಡಕಟ್ಟು ಎಂದು, ಅದಕ್ಕಿಂತ ಚಿಕ್ಕ ಯುರೋಪಿನ ಸಮುದಾಯಕ್ಕೆ ರಾಷ್ಟ್ರ ಎಂದು ಯಾಕೆ ಬರೆಯುತ್ತೇವೆ?

ಮುಗಿದ ಪ್ರಬಂಧದ ಪ್ರತಿಯನ್ನು ಪರವಾನಗಿ ಕೊಟ್ಟ ಸಂಸ್ಥೆಗೆ ಕೊಡುವುದು ಕೀನ್ಯಾದಲ್ಲಿ ಷರತ್ತೇ ಆಗಿದೆ. ನಿಮ್ಮನ್ನು ಸೇರಿಸಿಕೊಂಡ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಒಂದು, ಪತ್ರಾಗಾರಕ್ಕೆ ಒಂದು ಪ್ರತಿ ಕೊಡಿ. ಊರಿಗೆ ಬೇಕಾಗುವುದು ಪ್ರಬಂಧ ಅಲ್ಲ. ಅಲ್ಲಿನ ಭಾಷೆಯಲ್ಲಿ ಎರಡು ಪುಟದ ಸಾರಾಂಶ ಬರೆದು, ಸಾಧ್ಯವಾದರೆ ಹೋಗಿ, ಇಲ್ಲದಿದ್ದರೆ ವಾಟ್ಸಾಪಿನಲ್ಲಿ ಧ್ವನಿ ಕಳಿಸಿ ಓದಿ ಹೇಳಿ. ಇದನ್ನು ಡಿಗ್ರಿ ಬಂದ ಮೇಲೆ ಅಲ್ಲ, ಕೊನೆಯ ಕರಡು ಇನ್ನೂ ನಿಮ್ಮ ಕೈಯಲ್ಲಿರುವಾಗ ಮಾಡಿ. ಯಾರಾದರೂ ಅಜ್ಜಿ 'ಆ ಗದ್ದಲ ಆದದ್ದು ಬರಗಾಲಕ್ಕೆ ಮುಂಚೆ, ಆಮೇಲೆ ಅಲ್ಲ' ಎಂದರೆ ನಿಮ್ಮ ಮೂರನೇ ಅಧ್ಯಾಯವೇ ಅಲುಗಾಡಬಹುದು, ಮತ್ತು ಅದನ್ನು ಸರಿ ಮಾಡಲು ಕನಿಷ್ಠ ಒಂದು ತಿಂಗಳು ಕೈಯಲ್ಲಿರಬೇಕು.